ಹೀಟರಿಗೆ ಒರಗಿಸಿದ ಟ್ರಾಂಬೋನ್

ಎಡಭುಜ ಸೋತ ಮೇಲೆ ಊದುಮಾವನಿಗೆ ಹಿತ್ತಾಳೆಯ ಟ್ರಾಂಬೋನ್ ಎತ್ತಿ ಹಿಡಿಯುವುದೇ ದೊಡ್ಡ ಕೆಲಸವಾಯಿತು. ಹಗಲೆಲ್ಲ ಕಾರ್ಖಾನೆಯ ಯಂತ್ರಗಳಿಗೆ ಎಣ್ಣೆ ಹಾಕುವುದು, ಸಂಜೆ ಅದೇ ಕಾರ್ಖಾನೆಯ ಬ್ಯಾಂಡಿನ ಹಿಂದಿನ ಸಾಲಿನಲ್ಲಿ ಊದುವುದು: ಅವನ ಆಯುಷ್ಯ ಕಳೆದದ್ದು ಹೀಗೆ. ಕೆಲಸದಿಂದ ನಿವೃತ್ತನಾದಾಗ ಹಾಯಾಗಿ ನಿದ್ದೆ ಹೊಡೆದ. ಬ್ಯಾಂಡಿನ ಕುರ್ಚಿ ಹೋದೀತು ಅಂದಾಗ ಮಾತ್ರ ಊಟ ಸೇರಲಿಲ್ಲ. ಅರ್ಧ ಹಾಡಿಗೇ ಅವನ ವಾದ್ಯ ಮಂಡಿಗಿಳಿಯುವುದನ್ನು ಬ್ಯಾಂಡ್ ಮಾಸ್ತರು ನೋಡಿದ್ದರು.

"ಮುಂದಿನ ಕಾರ್ಯಕ್ರಮ ಪೂರ್ತಿ ಊದಿದ್ರೆ ಸರಿ, ಮಾವ. ಇಲ್ದಿದ್ರೆ ಬೇರೆಯವರನ್ನ ನೋಡ್ತೀನಿ. ಬೇಜಾರು ಮಾಡ್ಕೋಬೇಡಿ."

ಮಗಳು ಹಗುರಾದ ಪ್ಲಾಸ್ಟಿಕ್ಕಿನ ಟ್ರಾಂಬೋನೊಂದನ್ನು ತಂದಳು. ಕಣ್ಣಿಗೆ ಹೊಡೆಯುವ ಹಳದಿ.

"ಇದೇನೇ, ಗಿಡಕ್ಕೆ ನೀರು ಹಾಕೋ ಝಾರಿ ಇದ್ದಂಗಿದೆ!"

"ಮೊದ್ಲು ಎತ್ತಿ ನೋಡಪ್ಪ, ಆಮೇಲೆ ಬೈಯುವೆಯಂತೆ."

ಎತ್ತಿದ. ಏನೂ ಹಿಡಿದಂತೆಯೇ ಇರಲಿಲ್ಲ. ಮೆಲ್ಲನೆಯ ಸ್ವರಗಳಿಗೆ ಮೋಸವಿಲ್ಲ. ಜೋರಾಗಿ ಊದಿದರೆ ಹಿತ್ತಾಳೆಯ ಮೊಳಗು ಬಾರದೆ ಗಂಟಲು ಕಟ್ಟಿದಂತಾಗುತ್ತಿತ್ತು. ಸ್ವರ ಬದಲಿಸಲು ಬಲಗೈಯಿಂದ ಮುಂದೆ ಹಿಂದೆ ಜಾರಿಸುವ ಕೊಳವೆ ತುಸು ತಡೆತಡೆದು ಓಡಿತು. ಆದರೆ ಭುಜ ನೋಯಲಿಲ್ಲ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಅದೇ ಅಪಸ್ವರ ರೀ, ಏನೂ ವ್ಯತ್ಯಾಸ ಇಲ್ಲ!"

ಕಾರ್ಯಕ್ರಮದ ದಿನ ಕೊರೆಯುವ ಚಳಿ. ಚಳಿಗೆ ಹಿತ್ತಾಳೆಯ ಸ್ವರ ಇಳಿಯುತ್ತದೆಂದು ಅವನು ಯಾವಾಗಲೂ ವಾದ್ಯವನ್ನು ಹೀಟರಿನ ಪಕ್ಕ ಬೆಚ್ಚಗಿಡುತ್ತಿದ್ದ. ಕೈ ಹಳೆಯ ರೂಢಿಯಂತೆ ಇದನ್ನೂ ಹೀಟರಿಗೆ ಒರಗಿಸಿತು. ವೇದಿಕೆಗೆ ಕರೆ ಬಂದಾಗ ನೋಡಿದರೆ ಪ್ಲಾಸ್ಟಿಕ್ಕಿನ ಕೊಳವೆ ಸೊಟ್ಟಗಾಗಿತ್ತು. ಅರ್ಧದವರೆಗೆ ಜಾರಿ ಕಚ್ಚಿಕೊಂಡು ನಿಂತಿತು.

"ಹೋಗ್ಲಿ ಬಿಡೋ, ನಡಿ," ಎಂದ ಪಕ್ಕದ ಕುರ್ಚಿಯಲ್ಲಿ ಟ್ರಾಂಬೋನ್ ಊದುವ ಗೆಳೆಯ.

ಕೊಳವೆ ಹೆಚ್ಚು ಚಾಚದೆ ಸಿಗುವ ಸ್ವರಗಳನ್ನು ಊದುಮಾವ ಊದಿದ. ದೂರ ಚಾಚಬೇಕಾದ ಕಡೆಯಲ್ಲೆಲ್ಲ ಕೆನ್ನೆ ಮಾತ್ರ ಉಬ್ಬಿಸಿದ. ಆ ಸ್ವರಗಳನ್ನು ಗೆಳೆಯ ತಾನೇ ತುಂಬಿದ. ಮಾಸ್ತರಿಗೆ ಗೊತ್ತಾಗಲಿಲ್ಲ.

"ಪೂರ್ತಿ ಊದಿದ್ರಲ್ಲ ಮಾವ! ಕುರ್ಚಿ ನಿಮ್ದೇ."

"ಅರ್ಧ ಇವನು ಊದಿದ್ದು, ಮಾಸ್ತರೇ."

"ಸುಮ್ನಿರೋ," ಗೆಳೆಯ ತೋಳು ಚಿವುಟಿದ.

"ಎಷ್ಟು ದಿನ ಅಂತ ಇವನ ಉಸಿರು ತಿನ್ನಲಿ? ಬೇರೆಯವರನ್ನ ನೋಡಿ. ನಂಗೂ ಸಾಕಾಗಿದೆ."

ಆಮೇಲೂ ಬ್ಯಾಂಡಿನ ಅಭ್ಯಾಸವಿದ್ದ ಸಂಜೆಗಳಲ್ಲಿ ಊದುಮಾವ ಬರುತ್ತಿದ್ದ. ಚಳಿಗಾಲ ಮುಗಿಯುವ ಮೊದಲೇ ತೀರಿಕೊಂಡ. ಅಲ್ಲಿಯವರೆಗೆ ಒಂದು ಸಂಜೆಯೂ ತಪ್ಪಿಸಲಿಲ್ಲ. ಬಾಗಿಲ ಬಳಿಯ ಬೆಂಚಿನಲ್ಲಿ ಕೋಟು ಕೂಡ ಬಿಚ್ಚದೆ ಕೂರುತ್ತಿದ್ದ. ಕುರ್ಚಿಗೆ ಬಂದ ಹೊಸಬ ಊದುವಾಗ ಊದುಮಾವನ ಬಲಗೈ ತೊಡೆಯ ಮೇಲೆ ತಾನಾಗಿ ಮುಂದಕ್ಕೆ ಜಾರಿ, ಮೊಣಕಾಲಿನ ತುದಿಗೆ ಬಂದು ನಿಲ್ಲುತ್ತಿತ್ತು.