ಕಟ್ಟದೇ ಹೋದ ಬೆಲ್ಲ

ನಮ್ಮ ಮನೆಯಲ್ಲಿ ಎಲ್ಲರೂ ಹೇಳುವುದು ಇಷ್ಟೇ: ಅತ್ತೆ ಕಡಾಯಿಯೊಳಗೆ ಇಣುಕಿದಳು, ಆ ವರ್ಷ ಬೆಲ್ಲ ಕಟ್ಟಲಿಲ್ಲ. ಒಂದರ ಹಿಂದೆ ಇನ್ನೊಂದು ನಡೆದರೆ ಮೊದಲಿನದೇ ಕಾರಣವೇ? ಅದೇ ಹೊತ್ತಿಗೆ ಎಮ್ಮೆಯೂ ಕೂಗಿತ್ತಲ್ಲ, ಅದನ್ನೇಕೆ ಯಾರೂ ಬೈಯಲಿಲ್ಲ?

ಅತ್ತೆ ಅಪ್ಪನ ತಂಗಿ. ಗಂಡ ತೀರಿದ ಮೇಲೆ ಹುಮನಾಬಾದಿನ ಹತ್ತಿರದ ನಮ್ಮ ಹೊಲದ ಮನೆಗೆ ಬಂದಿದ್ದಳು. ಕಬ್ಬಿನ ಗಾಣ ನಡೆಯುವ ದಿನಗಳಲ್ಲಿ ಮಾತ್ರ ಆಕೆ ನಾಲ್ಕು ಜನರ ನಡುವೆ ಕೂತು ನಗುತ್ತಿದ್ದಳು. ಆ ಕಡಾಯಿಯ ಬೆಲ್ಲ ಅಂಟಂಟಾಗಿ ಉಳಿದ ಮೇಲೆ ಅಪ್ಪನ ತಮ್ಮ, ಗಾಣ ನೋಡಿಕೊಳ್ಳುವ ಕಾಕಾ, ಅವಳನ್ನು ಗಾಣದ ಚಪ್ಪರದೊಳಗೆ ಬಿಡಲಿಲ್ಲ.

ಯಾರೂ ಹೇಳದ ಭಾಗ ಒಂದಿದೆ. ಕಾಕಾ ಅಮಾವಾಸ್ಯೆಗೆ ಮೊದಲೇ ಕಬ್ಬು ಕಡಿಸಿಬಿಟ್ಟಿದ್ದರು. ಅಮಾವಾಸ್ಯೆಯಂದು ನಮ್ಮಲ್ಲಿ ಗಾಣದ ಒಲೆ ಹಚ್ಚುವುದಿಲ್ಲ. ಮರುದಿನ ಅವರು ಮದುವೆಗೆಂದು ಬಸವಕಲ್ಯಾಣಕ್ಕೆ ಹೋಗಿ ಕೆಲವು ದಿನ ಅಲ್ಲೇ ಉಳಿದರು. ಕಡಿದ ಕಬ್ಬು ಅಷ್ಟೂ ದಿನ ಬಿಸಿಲಲ್ಲಿ ಬಿದ್ದಿತ್ತು.

ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ಇದಕ್ಕೆ ಇನ್‌ವರ್ಷನ್ ಎಂದರು. ತಿರುಗಿಸು, ಮಗುಚು ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದ ಪದ. ನಿಘಂಟಿನಲ್ಲಿ ವಿಲೋಮ, ವಿಪರ್ಯಯ ಎಂದಿದೆ. ಸಕ್ಕರೆಯ ದ್ರಾವಣ ಒಂದು ಬಗೆಯ ಬೆಳಕನ್ನು ಬಲಕ್ಕೆ ಹೊರಳಿಸುತ್ತದೆ. ಸಕ್ಕರೆ ಒಡೆದು ಎರಡಾದರೆ ಅದೇ ಬೆಳಕು ಎಡಕ್ಕೆ ಹೊರಳುತ್ತದೆ. ಹೆಸರು ಬಂದದ್ದು ಅದರಿಂದ. ಕಡಿದಿಟ್ಟ ಕಬ್ಬಿನೊಳಗೂ ಸಕ್ಕರೆ ಹೀಗೆಯೇ ಒಡೆಯುತ್ತದೆ, ಬೆಲ್ಲ ಹರಳುಗಟ್ಟುವುದಿಲ್ಲ.

ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಹುರುಪಿತ್ತು. ಚಪ್ಪರದಲ್ಲಿ ಎಲ್ಲರೆದುರು ಇದನ್ನೆಲ್ಲ ಬಿಡಿಸಿ ಹೇಳಿದೆ.

"ಬಂದ್ರು ನೋಡ್ರಿ ವಕೀಲರು," ಎಂದರು ಕಾಕಾ. ಆಳುಗಳು ನಕ್ಕರು. "ಆತು, ಕಬ್ಬು ಬಿಸಿಲಿಗಿ ಕೆಟ್ಟದ, ಒಪ್ಪಿದೆ. ಹಂಗಾರ ಇಷ್ಟ್ ವರ್ಷ ಕೆಡಲಾರದ್ದು ಅಕಿ ಬಂದ ವರ್ಷಾನೇ ಯಾಕ ಕೆಟ್ತು?"

ಎದುರಾಳಿಯ ವಾದವನ್ನು ಮಗುಚಿ ಅವನ ಮೇಲೆಯೇ ಹಾಕುವುದನ್ನು ನಾನು ವೇದಿಕೆಯ ಮೇಲೆ ಕಲಿತಿದ್ದೆ. ಕಾಕಾ ಎಲ್ಲಿ ಕಲಿತರೋ. ನಾನು ಕೊಟ್ಟ ಕಾರಣವೇ ಅವರ ಸಾಕ್ಷಿಯಾಯಿತು.

ಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. "ನನ್ನ ಸಲುವಾಗಿ ಯಾಕ ಜಗಳಾಡ್ತಿ? ನೀ ಗೆದ್ರೂ ನಾಳಿ ನಾ ಅವರ ನಡಕ ಹ್ಯಾಂಗ ಕೂಡ್ಲಿ? ಎಲ್ಲರ ಕಣ್ಣು ನನ್ನ ಕೈ ಮ್ಯಾಲೇ ಇರ್ತದ."

ಆಕೆ ಬೇಯಿಸಿಟ್ಟ ರೊಟ್ಟಿಗಳನ್ನು ಬುಟ್ಟಿಗೆ ಜೋಡಿಸತೊಡಗಿದೆ.

ಈ ವರ್ಷ ಬೆಲ್ಲ ಚೆನ್ನಾಗಿ ಕಟ್ಟಿತು. ಕಾಕಾ ಗಟ್ಟಿ ಬೆಲ್ಲದ ಒಂದು ಪೆಂಟಿಯನ್ನು ನನ್ನ ಕೈಗಿಟ್ಟು, "ಅಕಿ ಬರ್ಲಿಲ್ಲ, ಕಟ್ತು. ಈಗೇನಂತೀಯಪಾ?" ಎಂದರು. ಬೆಲ್ಲ ಇನ್ನೂ ಬೆಚ್ಚಗಿತ್ತು. ಅತ್ತೆ ಮನೆಯ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ನಾನು ಕೇಳಿದೆ: "ಅಕಿದೇ ತಪ್ಪಿದ್ರ, ಈ ಸರ್ತಿ ಅಮಾಸಿ ಮುಗಿಯೋತನಕ ನೀವು ಕಬ್ಬಿಗೆ ಕುಡಗೋಲ ಯಾಕ ಹಚ್ಚಲಿಲ್ಲರಿ, ಕಾಕಾ?"