ಸರ್ವಮಂಗಳಮ್ಮನವರ ಭೂರ್ಜ

ಜಯನಗರದ ನಮ್ಮ ಬೀದಿಯಲ್ಲಿ ಸರ್ವಮಂಗಳಮ್ಮನವರ ಭೂರ್ಜದ ಸಸಿಗೆ ಸಿಗುವ ಉಪಚಾರ ಮನುಷ್ಯರಿಗೂ ಸಿಗುವುದಿಲ್ಲ. ಬೆಳಿಗ್ಗೆ ಬುಡಕ್ಕೆ ಐಸ್, ಬಿಸಿಲೇರಿದರೆ ಒದ್ದೆ ಗೋಣಿಚೀಲ, ಮೇಲೊಂದು ಕೊಡೆ. ಬಿಳಿ ತೊಗಟೆಯ ಮೇಲೆ ಬಸ್ಸಿನ ಹೊಗೆ ಕೂತರೆ ಸೆರಗಿನಿಂದಲೇ ಒರೆಸುತ್ತಾರೆ. “ಆಂಟಿ, ಫ್ರಿಜ್ಜಲ್ಲೇ ಇಟ್ಬಿಡಿ” ಎಂದು ಎದುರು ಮನೆಯ ರೇವಂತ್ ರೇಗಿಸಿದರೆ, “ಬಾಗಿಲು ಹಾಕಕ್ಕಾಗಲ್ಲ ಕಣೋ” ಎನ್ನುತ್ತಾರೆ. ಹಿಮಾಲಯದ ಈ ಗಿಡ ಇಲ್ಲಿನ ಏಪ್ರಿಲ್ ದಾಟುವುದಿಲ್ಲವೆಂದು ಸಿದ್ದಾಪುರದ ನರ್ಸರಿಯಲ್ಲಿ ಮೊದಲೇ ಹೇಳಿದ್ದರು. ಈಗ ಎಲೆಗಳು ಅಂಚಿನಿಂದ ಸುಡುತ್ತಿವೆ. ನಿನ್ನೆ ಅಲ್ಲಿನ ಮಾಲಿ ದ್ಯಾಮಣ್ಣ ಬಂದು ನೋಡಿ, “ಕಿತ್ತು ಸಂಪಿಗಿ ಹಚ್ಚೂಣ್ರೀ ಅವ್ವಾರ” ಅಂದ. “ಕೀಳ್ಬೇಡಪ್ಪ. ಒಣಗಿದ್ರೂ ಅಲ್ಲೇ ಇರ್ಲಿ” ಅಂದರು. ಸಸಿ ನೆಡಲು ಕುಣಿ ತೋಡಿದ್ದೂ ಅವನೇ. ಅಷ್ಟು ಸಣ್ಣ ಸಸಿಗೆ ಅಷ್ಟು ಉದ್ದದ ಕುಣಿ ಏಕೆಂದು ಅವನಿಗೆ ಅರ್ಥವಾಗಿರಲಿಲ್ಲ. ನಮ್ಮ ಲಿಂಗಾಯತರಲ್ಲಿ ಹೂಳುವ ಕುಣಿಯನ್ನು ಸತ್ತವರ ಪಾದದಿಂದಲೇ ಅಳೆಯುತ್ತಾರೆ, ಒಂಬತ್ತು ಪಾದ. ಹಿಮಾಲಯಕ್ಕೆ ಚಾರಣ ಹೋದ ಮಗಳು ಮೇಘಶ್ರೀ ಹಿಮಕುಸಿತದಲ್ಲಿ ಹೂತುಹೋದಳು, ದೇಹ ಸಿಗಲಿಲ್ಲ. ಅವಳು ಮನೆಯಲ್ಲಿ ಬಿಟ್ಟುಹೋಗಿದ್ದ ಚಪ್ಪಲಿಯನ್ನು ಒಂಬತ್ತು ಸಲ ಮುಂದಿಟ್ಟು ಸರ್ವಮಂಗಳಮ್ಮ ಆ ನೆಲವನ್ನು ಅಳೆದುಕೊಟ್ಟಿದ್ದರು.