ಹುಲಿಯ ಹಣೆಯ ಗೆರೆ

ಪುಣೆಯ ಸದಾಶಿವ ಪೇಠದ ವಾಡೆಯೊಂದರ ಮಾಳಿಗೆಯಲ್ಲಿ ನನ್ನ ಫೋಟೋ ಸ್ಟುಡಿಯೋ ಇತ್ತು. ಬರುವವರೆಲ್ಲರ ಬೇಡಿಕೆ ಒಂದೇ: ಬಣ್ಣ ತಿಳಿಯಾಗಬೇಕು, ವಯಸ್ಸು ಹತ್ತು ವರ್ಷ ಇಳಿಯಬೇಕು. ಗಾಜಿನ ನೆಗೆಟಿವ್ ಮೇಲೆ ಪೆನ್ಸಿಲ್ ತಾಗಿದ್ದು ಚಿತ್ರದಲ್ಲಿ ಬೆಳ್ಳಗಾಗುತ್ತದೆ; ಹಾಗೆ ಚೂಪಾದ ಪೆನ್ಸಿಲ್ ಆಡಿಸಿ ಸುಕ್ಕು, ಮಚ್ಚೆ, ಸಿಡುಬಿನ ಕಲೆ ಎಲ್ಲವನ್ನೂ ಮಾಯ ಮಾಡುತ್ತಿದ್ದೆ. ಈ ಕೆಲಸದಲ್ಲಿ ಇಡೀ ಊರಲ್ಲಿ ನನಗೆ ಸರಿಸಾಟಿ ಇಲ್ಲವೆಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ?

ಊರಾಚೆಯ ತೋಟದಲ್ಲಿ ಸರದಾರರೊಬ್ಬರು ಪ್ರಾಣಿಗಳನ್ನು ಸಾಕಿದ್ದರು. ತಮಗೆ ವಯಸ್ಸಾಯಿತೆಂದು ಅವನ್ನೆಲ್ಲ ಬೇರೊಂದು ಸಂಸ್ಥಾನಕ್ಕೆ ಕೊಡಲು ನಿಶ್ಚಯಿಸಿ, ನೆನಪಿಗೆ ಒಂದೊಂದರ ಭಾವಚಿತ್ರ ತೆಗೆಯಲು ನನ್ನನ್ನು ಕರೆಸಿದರು. ಜಿಂಕೆ, ಕರಡಿ ಮುಗಿದವು. ಉಳಿದದ್ದು ಪಂಜರದಲ್ಲಿದ್ದ ಮುದಿ ಹೆಣ್ಣುಹುಲಿ. ಅದನ್ನು ನೋಡಿಕೊಳ್ಳುವ ಮುದುಕ ನಮ್ಮ ವಿಜಾಪುರದ ಕಡೆಯವನು. ಮರಿಯಿದ್ದಾಗಿನಿಂದ ಹಾಲು ಕುಡಿಸಿ ಬೆಳೆಸಿದವನು. ಆ ಸಂಸ್ಥಾನದಲ್ಲಿ ಅವರದೇ ಆಳುಗಳಿದ್ದುದರಿಂದ ಹುಲಿಯ ಜೊತೆ ಅವನನ್ನು ಕಳಿಸುವಂತಿರಲಿಲ್ಲ.

“ನನಗೂ ಒಂದ್ ಫೋಟೋ ಬೇಕ್ರಿ. ಇಕಿ ಹೋದ ಮ್ಯಾಲೆ ನೋಡಾಕ ನನಗ ಬ್ಯಾರೆ ಏನೂ ಇರೂದಿಲ್ಲ,” ಅಂದ.

“ಕೊಡ್ತೀನಪ್ಪಾ, ಮೊದಲ ಆಕಿನ್ನ ಕೂಡ್ರಸು.”

ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಸ್ಟುಡಿಯೋಕ್ಕೆ ಬರುವ ಹೆಂಗಸರಿಗೆ ಹೇಳುವ ರೂಢಿಯಂತೆ “ಸ್ವಲ್ಪ ಗದ್ದ ಎತ್ರಿ ಬಾಯಾರ,” ಅಂದೆ. ಹುಲಿಬಾಯಿಯವರು ಬೆನ್ನು ತಿರುಗಿಸಿ ಮಲಗಿದರು. ಮೊದಲ ಪ್ಲೇಟಿನಲ್ಲಿ ಬರೀ ಬೆನ್ನು ಬಂತು. ಎರಡನೆಯದಕ್ಕೆ ಒಮ್ಮೆ ಆಕಳಿಸಿ ಗುರ್ರೆಂದಳು ನೋಡಿ, ಕ್ಯಾಮೆರಾ ಎತ್ತ, ನಾನು ಎತ್ತ!

“ಪಿಂಜರಾ ಗಟ್ಟಿ ಅದರೀ, ಅಂಜಬ್ಯಾಡ್ರಿ.”

“ಯಾರು ಅಂಜ್ಯಾರ?” ಎಂದು ಬೇವಿನ ಮರದ ಹಿಂದಿನಿಂದ ಗದರಿದೆ.

ಕೊನೆಗೆ ಮುದುಕನೇ ಕ್ಯಾಮೆರಾದ ಪಕ್ಕ ನಿಂತು, “ಅವ್ವೀ, ಒಮ್ಮೆ ನನ್ನ ಕಡೆ ನೋಡವಾ,” ಅಂದ. ಹುಲಿ ತಿರುಗಿ, ಕದಲದೆ ಅವನನ್ನೇ ನೋಡಿತು. ಚಿತ್ರ ಸಿಕ್ಕಿತು.

ಹುಲಿಯನ್ನು ರೈಲಿಗೆ ಹತ್ತಿಸಿದ ಮರುದಿನ ಮುದುಕ ಸ್ಟುಡಿಯೋಕ್ಕೆ ಬಂದ. ನಾನು ಹೆಮ್ಮೆಯಿಂದ ಚಿತ್ರ ಕೈಗಿಟ್ಟೆ. ಅವನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ.

“ಇಕಿ ಯಾರ್ರೀ?”

“ಯಾರು ಅಂದ್ರ? ನಿನ್ನ ಹುಲಿ!” ನನಗೆ ಸಿಟ್ಟು ನೆತ್ತಿಗೇರಿತು.

“ಅಲ್ರೀ. ಮೂಗಿನ ಮ್ಯಾಲಿನ ಗಾಯ ಎಲ್ಲಿ? ಹಣಿ ಮ್ಯಾಲಿನ ಗೆರಿ ಎಲ್ಲಿ? ನಮ್ಮಕಿ ಹಿಂಗ ಮದಿವಿ ಹೆಣ್ಣಿನಗತೆ ಇರಲಿಲ್ಲ. ನಿನ್ನೆ ಹೋಗಿಬಿಟ್ಲು, ಇನ್ನ ನಾ ಎಲ್ಲಿಂದ ತರ್ಲಿ?” ಎಂದು ಚಿತ್ರವನ್ನು ಮರಳಿ ನನ್ನ ಕೈಗಿಟ್ಟ.

ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಯ್ಯೋ ಶಿವನೇ! ರೂಢಿಬಿದ್ದ ಕೈ ಹಣೆಯ ಪಟ್ಟೆಗಳನ್ನು ಸುಕ್ಕೆಂದು, ಮೂಗಿನ ಗಾಯವನ್ನು ಕಲೆಯೆಂದು ತಿಳಿದು ತೀಡಿಬಿಟ್ಟಿತ್ತು.  ಅವನನ್ನು ಕೂಡಿಸಿ, ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ನೆಗೆಟಿವ್ ಮೇಲಿನ ಪೆನ್ಸಿಲ್ ಎಲ್ಲ ಒರೆಸಿ, ಹೊಸ ಪ್ರತಿ ತೆಗೆದೆ.

ಮುದುಕ ಮೂಗಿನ ಗಾಯದ ಮೇಲೆ ಬೆರಳಿಟ್ಟ. “ಬಂದ್ಲು ನೋಡ್ರಿ,” ಅಂದು ಕಣ್ಣೊರೆಸಿಕೊಂಡು ನಕ್ಕ. “ನಿಮ್ಮ ಮನಿ ಮಂದೀನೂ ಹಿಂಗ ಅಳಿಸ್ತೀರೇನ್ರಿ?”

“ಸಾಕು ನಡಿ, ನನಗ ಕೆಲಸ ಭಾಳ ಅದ,” ಎಂದು ಅವನನ್ನು ಸಾಗಹಾಕಿದೆ.

ಆಮೇಲೆ ಪೆಟ್ಟಿಗೆಯಿಂದ ನನ್ನ ಅವ್ವನ ಚಿತ್ರದ ಗಾಜಿನ ಪ್ಲೇಟು ತೆಗೆದೆ. ಆಕೆ ತೀರಿಕೊಂಡು ವರ್ಷವಾಗಿತ್ತು. ಇದ್ದದ್ದು ಅದೊಂದೇ ಚಿತ್ರ. ಟರ್ಪೆಂಟೈನ್ ಹಚ್ಚಿ ಒರೆಸಿ ಪ್ರತಿ ತೆಗೆದರೆ ಸುಕ್ಕುಗಳೆಲ್ಲ ಮರಳಿ ಬಂದವು. ಆದರೆ ನರೆಗೂದಲು ಬರಲಿಲ್ಲ. ಅದನ್ನು ಪೆನ್ಸಿಲ್ಲಿನಿಂದ ತಿದ್ದಲಾಗದೆಂದು ನಾನೇ ಗಾಜಿನ ಮೇಲಿನ ಲೇಪವನ್ನು ಚಾಕುವಿನಿಂದ ಹೆರೆದು ಕಪ್ಪು ಮಾಡಿದ್ದೆ.